ಲಂಡನ್‌ಗೆ ಹೋಗುವ ದಾವಣಗೆರೆಯವರು ಟೇಟ್ ಮಾಡರ್ನ್‌ಗೆ ಅರ್ಧ ದಿನ ಇಡಿ

ಮಕ್ಕಳನ್ನು ನೋಡೋಕೆ ಲಂಡನ್‌ಗೆ ಹೋಗಿ ಬರುವವರು ನಮ್ಮೂರಲ್ಲಿ ಈಗ ಬೀದಿಗೊಬ್ಬರು ಸಿಗುತ್ತಾರೆ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆಯಂತೂ ಕೇಳೋದೇ ಬೇಡ. ಎಲ್ಲರ ಮೊಬೈಲಿನಲ್ಲೂ ಅವೇ ಫೋಟೊ: ಅರಮನೆ, ಗಡಿಯಾರದ ಗೋಪುರ, ದೊಡ್ಡ ಚಕ್ರ. ಅವನ್ನೂ ನೋಡಿ, ಬೇಡ ಅನ್ನಲ್ಲ. ಆದರೆ ಥೇಮ್ಸ್ ನದಿ ದಂಡೆಯಲ್ಲಿರುವ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ಗೆ ಅರ್ಧ ದಿನ ತೆಗೆದಿಡಿ. ಚಿತ್ರಕಲೆ ಅಂದ್ರೆ ಏನೂ ಗೊತ್ತಿಲ್ಲ ಅನ್ನುವವರೂ ಹೋಗಿ. ಹಳೇ ದಾವಣಗೆರೆಯ ಮಿಲ್ಲು ನೋಡಿದವರಾದರೆ ತಪ್ಪದೇ ಹೋಗಿ.

ಅದು ಮೊದಲು ಎಣ್ಣೆ ಉರಿಸಿ ಕರೆಂಟು ತಯಾರಿಸುತ್ತಿದ್ದ ಜಾಗ. ಬ್ಯಾಂಕ್‌ಸೈಡ್ ಪವರ್ ಸ್ಟೇಷನ್ ಅಂತ ಹೆಸರು. ಲಂಡನ್ನಿನ ಕೆಂಪು ಟೆಲಿಫೋನ್ ಡಬ್ಬಿ ಎಲ್ಲರಿಗೂ ಗೊತ್ತಲ್ವಾ, ಅದನ್ನು ರೂಪಿಸಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರೇ ಈ ಕಟ್ಟಡದ ನಕ್ಷೆಯನ್ನೂ ಮಾಡಿದ್ದು. 1981ರಲ್ಲಿ ಕೆಲಸ ನಿಂತಿತು. ಆಮೇಲೆ ಎಷ್ಟೋ ವರ್ಷ ಸುಮ್ನೆ ಬಿದ್ದಿತ್ತು. ಸ್ವಿಟ್ಜರ್ಲೆಂಡಿನ ಹೆರ್ಜೋಗ್ ಮತ್ತು ಡಿ ಮ್ಯೂರಾನ್ ಅನ್ನುವ ವಾಸ್ತುಶಿಲ್ಪಿಗಳು ಒಳಗಿನ ಯಂತ್ರ ತೆಗೆಸಿ, ಗೋಡೆ, ಕಿಟಕಿ, ಚಿಮಣಿ ಎಲ್ಲ ಹಾಗೇ ಬಿಟ್ಟು ಕಲಾ ಸಂಗ್ರಹಾಲಯ ಮಾಡಿದರು. 2000ದ ಮೇ ತಿಂಗಳಲ್ಲಿ ಬಾಗಿಲು ತೆಗೆಯಿತು.

ಎದುರು ದಂಡೆಯ ಸೇಂಟ್ ಪಾಲ್ಸ್ ಚರ್ಚಿನ ಕಡೆಯಿಂದ, ಕಾಲ್ನಡಿಗೆಯ ಸೇತುವೆ ದಾಟಿಕೊಂಡು ಬನ್ನಿ. ಬರೀ ಇಟ್ಟಿಗೆ, ನಡುವೆ ನೆಟ್ಟಗೆ ನಿಂತ ಒಂದೇ ಚಿಮಣಿ. ಅದರ ಎತ್ತರ 99 ಮೀಟರ್. ಚರ್ಚಿನ ಗುಮ್ಮಟ 111 ಮೀಟರ್, ಅದನ್ನು ಮೀರಬಾರದು ಅಂತಲೇ ಚಿಮಣಿಯನ್ನು ತಗ್ಗಿಸಿ ಕಟ್ಟಿದ್ದಂತೆ. ನಮ್ಮನೆಯವರು ಸೇತುವೆ ಮೇಲೇ ನಿಂತುಬಿಟ್ಟರು. "ಲೇ, ಇದು ನಮ್ಮ ಮಿಲ್ಲೇ ಅಲ್ವೇನೇ" ಅಂದರು. ನನಗೂ ಅದೇ ಅನಿಸಿತ್ತು.

ಪಶ್ಚಿಮದ ಬಾಗಿಲಿನಿಂದಲೇ ಒಳಗೆ ಹೋಗಿ, ಬೇರೆ ಬಾಗಿಲು ಬೇಡ. ನೆಲ ಇಳಿಜಾರಾಗಿ ಕೆಳಗೆ ಇಳಿಯುತ್ತದೆ, ನೀವೂ ಇಳಿಯುತ್ತೀರಿ, ಇಳಿಯುತ್ತಾ ಇಳಿಯುತ್ತಾ ತಲೆ ಮೇಲಿನ ಜಾಗ ದೊಡ್ಡದಾಗುತ್ತಾ ಹೋಗುತ್ತದೆ. ಇದೇ ಟರ್ಬೈನ್ ಹಾಲ್, ಕರೆಂಟು ತಯಾರಿಸುವ ದೊಡ್ಡ ಯಂತ್ರಗಳು ತಿರುಗುತ್ತಿದ್ದ ಜಾಗ. ಉದ್ದ 155 ಮೀಟರ್, ಅಗಲ 23, ಎತ್ತರ 35. ಮೇಲೆ ಹಳೇ ಕ್ರೇನು ಇನ್ನೂ ಇದೆ. ಉಕ್ಕಿನ ಕಂಬಗಳು ಹಾಗೇ ಇವೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಮಕ್ಕಳು ಆ ಇಳಿಜಾರಿನಲ್ಲಿ ಉರುಳಾಡುತ್ತಿದ್ದವು. ನಮ್ಮ ಮೊಮ್ಮಗಳೂ "ಅಜ್ಜಿ ನೋಡಿ" ಅಂತ ಕೂಗುತ್ತಾ ಮೇಲಿಂದ ಉರುಳಿಕೊಂಡು ಬಂದಳು. ಯಾರೂ ಬೈಯಲಿಲ್ಲ. ಗೋಡೆಯಾಚೆ ಈಗಲೂ ಕೆಲಸ ಮಾಡುವ ವಿದ್ಯುತ್ ಸಬ್‌ಸ್ಟೇಷನ್ ಇದೆ. ಜನ ಕಡಿಮೆ ಇದ್ದಾಗ ಕಿವಿಗೊಟ್ಟು ಕೇಳಿ, ಸಣ್ಣಗೆ ಗುಂಯ್ ಅನ್ನುತ್ತದೆ.

ಈ ಹಾಲ್‌ಗೆ ಪ್ರತಿ ಸಲವೂ ಒಬ್ಬ ಕಲಾವಿದರಿಂದ ಹೊಸದಾಗಿ ಏನಾದರೂ ಮಾಡಿಸುತ್ತಾರೆ. ನಾವು ಹೋದಾಗ ದಕ್ಷಿಣ ಕೊರಿಯಾದ ಮಿರೆ ಲೀ ಅವರ ಸರದಿ. ಕೃತಿಯ ಹೆಸರು ಓಪನ್ ವೂಂಡ್, 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗೆ ಇತ್ತು. ಹಾಲ್‌ನ ಒಂದು ತುದಿಯಲ್ಲಿ ದೊಡ್ಡ ಟರ್ಬೈನ್ ತೂಗುಹಾಕಿದ್ದರು. ಅದು ನಿಧಾನಕ್ಕೆ ತಿರುಗುತ್ತಿತ್ತು. ಅದರಿಂದ ಜೋತುಬಿದ್ದ ಕೊಳವೆಗಳಿಂದ ಅಂಟಂಟಾದ ಕಂದು ಬಣ್ಣದ ದ್ರವ ತೊಟ್ಟಿಕ್ಕಿ ಕೆಳಗಿನ ತೊಟ್ಟಿಗೆ ಬೀಳುತ್ತಿತ್ತು. ಆ ದ್ರವದಲ್ಲಿ ಬಟ್ಟೆ ನೆನೆಸಿ, ಚೌಕಟ್ಟಿನ ಮೇಲೆ ಒಣಗಲು ಹಾಕಿ, ಒಣಗಿದ ಮೇಲೆ ಸರಪಳಿಗೆ ಸಿಕ್ಕಿಸಿ ಮೇಲಕ್ಕೆ ಏರಿಸುತ್ತಿದ್ದರು. ಮೇಲೆ ನೋಡಿದರೆ ಹಾಲ್ ತುಂಬಾ ಚರ್ಮ ಸುಲಿದು ನೇತುಹಾಕಿದ ಹಾಗೆ, ಹರಿದ, ತೂತುಬಿದ್ದ ಬಟ್ಟೆ. ದಿನ ಕಳೆದಂತೆ ಅವುಗಳ ಸಂಖ್ಯೆ ಜಾಸ್ತಿ ಆಗುತ್ತಾ ಹೋಗುತ್ತಿತ್ತಂತೆ. ಗಣಿ ಕೆಲಸಗಾರರು ಪಾಳಿ ಮುಗಿಸಿ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ತಮ್ಮ ಬಟ್ಟೆಯನ್ನು ಸರಪಳಿಯಿಂದ ಮೇಲಕ್ಕೆ ಎಳೆದು ಕಟ್ಟುತ್ತಿದ್ದ ಪದ್ಧತಿಯಿಂದ ಕಲಾವಿದೆಗೆ ಇದು ಹೊಳೆದಿದ್ದು.

ಮಗಳು "ಅಮ್ಮ, ಅಸಹ್ಯ ಆಗುತ್ತೆ, ನಡಿ" ಅಂದಳು. ನನಗೆ ಅಲ್ಲಿಂದ ಏಳೋಕೆ ಮನಸ್ಸಾಗಲಿಲ್ಲ. ನಮ್ಮ ಅಪ್ಪಾಜಿ ದಾವಣಗೆರೆಯ ಒಂದು ಕಾಟನ್ ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬು, ಕಿವಿಯ ಕೂದಲು, ಅಂಗಿಯ ಕಾಲರು ಎಲ್ಲಾ ಬೆಳ್ಳಗೆ ಅರಳೆ ಹತ್ತಿರುತ್ತಿತ್ತು. ಅವ್ವ ಆ ಅಂಗಿಯನ್ನು ಮನೆ ಬಟ್ಟೆ ಜೊತೆ ನೆನೆಹಾಕುತ್ತಿರಲಿಲ್ಲ, ಹಿತ್ತಲಿನ ತಂತಿ ಮೇಲೆ ಬೇರೆಯಾಗಿ ಒಣಹಾಕುತ್ತಿದ್ದಳು. ಯಂತ್ರ ಮನುಷ್ಯನ ಮೈಗೆ ಏನು ಮಾಡುತ್ತದೆ ಅನ್ನೋದನ್ನು ಆ ಹಾಲ್‌ನಲ್ಲಿ ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ಆ ಕೃತಿ ಈಗ ಅಲ್ಲಿಲ್ಲ, ನೀವು ಹೋದಾಗ ಬೇರೆ ಇರುತ್ತದೆ. ಹಾಲ್ ಅಂತೂ ಇದ್ದೇ ಇರುತ್ತದೆ.

ಇನ್ನೊಂದು ಸಂಗತಿ ಕೇಳಿ. 2010ರಲ್ಲಿ ಚೀನಾದ ಐ ವೇವೇ ಇದೇ ನೆಲದ ಮೇಲೆ 10 ಕೋಟಿ ಸೂರ್ಯಕಾಂತಿ ಬೀಜ ಹರಡಿಸಿದ್ದರು. ಎಲ್ಲಾ ಪಿಂಗಾಣಿಯವು. ಜಿಂಗ್‌ಡೆಝೆನ್ ಅನ್ನುವ ಊರಿನ ಸುಮಾರು 1600 ಕುಶಲಕರ್ಮಿಗಳು ಕೈಯಲ್ಲಿ ಮಾಡಿ ಬಣ್ಣ ಹಾಕಿದ್ದು. ಜನ ಅದರ ಮೇಲೆ ನಡೆದಾಡಲಿ, ಮಲಗಲಿ ಅಂತ ಬಿಟ್ಟಿದ್ದರು. ಕೆಲವೇ ದಿನಕ್ಕೆ ಪಿಂಗಾಣಿ ಧೂಳು ಎದ್ದು, ಉಸಿರಾಟಕ್ಕೆ ಒಳ್ಳೆಯದಲ್ಲ ಅಂತ ಓಡಾಟ ನಿಲ್ಲಿಸಿದರು. ಸರಿಯಾದ ಕೆಲಸವೇ. ನಾನು ಇದನ್ನು ಓದಿದಾಗ ಮಾತ್ರ ಹೊಟ್ಟೆಯಲ್ಲಿ ಸಂಕಟವಾಯಿತು. ಹತ್ತಿ ಧೂಳಿನಿಂದ ಶ್ವಾಸಕೋಶ ಹಾಳಾಗುವ ಕಾಯಿಲೆಗೆ ಬಿಸಿನೋಸಿಸ್ ಅಂತ ಹೆಸರಿದೆ. ಅಪ್ಪಾಜಿಯ ಓರಗೆಯ ಎಷ್ಟೋ ಜನ ಕೆಮ್ಮುತ್ತಲೇ ಇದ್ದರು. ಅವರ ಧೂಳಿಗೆ ಯಾರು ಮಿಲ್ಲು ನಿಲ್ಲಿಸಿದರು?

ನಡೆಯುವಾಗ ಕಾಲ ಕೆಳಗೂ ನೋಡಿ. ಕೊಲಂಬಿಯಾದ ಡೋರಿಸ್ ಸಾಲ್ಸೆಡೊ 2007ರಲ್ಲಿ ಹಾಲ್‌ನ ಉದ್ದಕ್ಕೂ ಅಂಕುಡೊಂಕಾಗಿ 167 ಮೀಟರ್ ಬಿರುಕು ಬಿಡಿಸಿದ್ದರು. ವಲಸೆ ಬಂದವರನ್ನು ದೂರ ಇಡುವ ಜನಾಂಗಭೇದದ ಬಗ್ಗೆ ಮಾಡಿದ್ದು. ಪ್ರದರ್ಶನ ಮುಗಿದ ಮೇಲೆ ಅದನ್ನು ಮುಚ್ಚಿದರು, ಗುರುತು ಉಳಿಯಿತು. ಕಾಂಕ್ರೀಟಿನಲ್ಲಿ ಅಂಕುಡೊಂಕಾದ ಗಾರೆಯ ಗೆರೆ, ಮೊದಲು ಕೂದಲೆಳೆಯಷ್ಟು ಸಣ್ಣ, ಮುಂದೆ ಹೋದಂತೆ ಅಗಲ, ಅಲ್ಲಲ್ಲಿ ಕವಲು. ಮೊಮ್ಮಗಳು ಅದರ ಮೇಲೆ ಹೆಜ್ಜೆ ಇಡುತ್ತಾ ಹಾಲ್‌ನ ಆ ತುದಿಯವರೆಗೂ ಹೋದಳು.

ಮೇಲಿನ ಮಹಡಿಗಳ ಬಗ್ಗೆ ಜಾಸ್ತಿ ಹೇಳಲ್ಲ. ಪಿಕಾಸೊ ಇದ್ದಾರೆ, ರಾಥ್ಕೊ ಅವರ ದೊಡ್ಡ ಕಡುಗೆಂಪು ಚಿತ್ರಗಳಿವೆ, ಹಿಂಭಾಗದಲ್ಲಿ 2016ರಲ್ಲಿ ತೆರೆದ ಹೊಸ ಕಟ್ಟಡವೂ ಇದೆ. ಎಲ್ಲಾ ಒಂದೇ ದಿನ ನೋಡ್ತೀನಿ ಅಂತ ಹೊರಟರೆ ಮಂಡಿ ಹಿಡಿದುಕೊಳ್ಳುತ್ತದೆ, ಏನೂ ಮನಸ್ಸಿನಲ್ಲಿ ಉಳಿಯಲ್ಲ. ನಾಲ್ಕೈದು ಕೋಣೆ ಆರಿಸಿಕೊಳ್ಳಿ, ಅಷ್ಟು ಸಾಕು.

ಆದರೆ ಒಂದು ಹೆಸರು ನೆನಪಿಟ್ಟುಕೊಂಡು ಹೋಗಿ: ಶೀಲಾ ಗೌಡ. ಹುಟ್ಟಿದ್ದು ಭದ್ರಾವತಿಯಲ್ಲಿ, 1957ರಲ್ಲಿ. ನಮ್ಮ ಪಕ್ಕದೂರಿನವರು! ಅವರ ಬಿಹೋಲ್ಡ್ ಅನ್ನುವ ಕೃತಿ ಟೇಟ್ ಸಂಗ್ರಹದಲ್ಲಿದೆ. ಕಾರಿನ ಬಂಪರುಗಳು, ಅವುಗಳ ಸುತ್ತ, ಗೋಡೆ ಮೇಲೆ, ನೆಲದ ಮೇಲೆ ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ. ದೇವರಿಗೆ ಮುಡಿ ಕೊಟ್ಟ ಕೂದಲು ಅದು. ಪಿ.ಬಿ. ರಸ್ತೆಯಲ್ಲಿ ನಿಂತ ಯಾವುದಾದರೂ ಲಾರಿಯ ಮುಂಭಾಗ ನೋಡಿ, ದೃಷ್ಟಿ ಆಗಬಾರದು ಅಂತ ಕರೀ ಹಗ್ಗ ಕಟ್ಟಿರುತ್ತಾರಲ್ಲ, ಅದೇ. 2009ರಲ್ಲಿ ವೆನಿಸ್ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿ ಜಗತ್ತೆಲ್ಲ ನಿಂತು ನೋಡಿದ ಕೃತಿ ಇದು. ಸಂಗ್ರಹದಲ್ಲಿರುವುದನ್ನು ಸರದಿ ಮೇಲೆ ಹೊರಗಿಡುತ್ತಾರೆ, ನಾನು ಹೋದಾಗ ಅದರ ಸರದಿ ಇರಲಿಲ್ಲ. ನೀವು ಹೊರಡುವ ಮುಂಚೆ ಅವರ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿಕೊಳ್ಳಿ.

ಊರಿಗೆ ಬಂದ ಮೇಲೆ ಇದನ್ನೆಲ್ಲ ಹೇಳುತ್ತಿದ್ದರೆ, ಅಲ್ಲಿನವರ ಹತ್ತಿರ ದುಡ್ಡಿದೆ ಬಿಡಿ ಅಂದವರೇ ಜಾಸ್ತಿ. ದುಡ್ಡು ಇದ್ದಿದ್ದು ನಿಜ. ಆದರೆ ಅವರು ಮೊದಲು ಮಾಡಿದ್ದು ಕೆಡವದೇ ಇದ್ದದ್ದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ನಮ್ಮದು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, ಡಿಸಿಎಂ, ಅಂದ್ರೆ ದಾವಣಗೆರೆ ಕಾಟನ್ ಮಿಲ್ಲು, ಈಗಿನ ಹುಡುಗರಿಗೆ ಬರೀ ಒಂದು ಬಡಾವಣೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತುಹೋಯಿತು. ನಮ್ಮಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇದೆ, ಅಲ್ಲಿ ಕಲಿತ ಹುಡುಗ ಹುಡುಗಿಯರು ದೊಡ್ಡದಾಗಿ ಏನಾದರೂ ಮಾಡಬೇಕೆಂದರೆ ಬೆಂಗಳೂರಿಗೇ ಬಸ್ಸು ಹತ್ತಬೇಕು. ಟರ್ಬೈನ್ ಹಾಲ್ ಯಾರೂ ಕೇಳುತ್ತಿಲ್ಲ. ಒಂದು ಹಳೇ ಗೋದಾಮು, ಸೋರದ ಛಾವಣಿ, ಟಿಕೆಟ್ ಇಲ್ಲದ ಬಾಗಿಲು, ಅಲ್ಲಿ ದುಡಿದವರ ಹೆಸರು ಬರೆದ ಒಂದು ಗೋಡೆ. ನಗರದಲ್ಲಿ ಇನ್ನೂ ನಿಂತಿರುವ ಶೆಡ್ಡುಗಳು ಯಾರ ಕೈಯಲ್ಲಿವೆಯೋ ಅವರು ಜೆಸಿಬಿ ಕರೆಸುವ ಮುಂಚೆ ಒಂದು ಸಲ ಆ ಕಾಲೇಜಿನವರ ಜೊತೆ ಮಾತಾಡಲಿ.

ಹೋಗುವವರಿಗೆ: ಬೆಳಗ್ಗೆ 10ಕ್ಕೆ ಬಾಗಿಲು ತೆಗೆಯುತ್ತಾರೆ, ಆ ಹೊತ್ತಿಗೇ ಹೋದರೆ ಹಾಲ್ ಖಾಲಿ ಇರುತ್ತದೆ. ಶಾಶ್ವತ ಸಂಗ್ರಹಕ್ಕೆ ದುಡ್ಡಿಲ್ಲ, ವಿಶೇಷ ಪ್ರದರ್ಶನಗಳಿಗೆ ಟಿಕೆಟ್ ಇದೆ. ಲಿಫ್ಟ್ ಇದೆ, ವಯಸ್ಸಾದವರಿಗೆ ತೊಂದರೆ ಇಲ್ಲ. ಹತ್ತಿರದ ರೈಲು ನಿಲ್ದಾಣ ಸದರ್ಕ್ ಅಥವಾ ಬ್ಲ್ಯಾಕ್‌ಫ್ರಯರ್ಸ್, ಆದರೂ ಸೇಂಟ್ ಪಾಲ್ಸ್‌ನಲ್ಲಿ ಇಳಿದು ಸೇತುವೆ ಮೇಲಿಂದಲೇ ನಡೆದು ಬನ್ನಿ. ಚಳಿಗಾಲವಾದರೆ ನದಿ ಗಾಳಿ ಕಿವಿಗೆ ಹೊಡೆಯುತ್ತದೆ, ಮಫ್ಲರ್ ಮರೆಯಬೇಡಿ.