ಬಿಡದ ಕೆಳಹೊಟ್ಟೆ ನೋವು: ಮಾತ್ರೆಯೋ, ಲ್ಯಾಪರೋಸ್ಕೋಪಿಯೋ, ಫಿಸಿಯೋಥೆರಪಿಯೋ?

ಮಂಡ್ಯದ ನಮ್ಮ ಅತ್ತಿಗೆ ಬಿಸಿನೀರಿನ ಬ್ಯಾಗನ್ನು ಸೆರಗಿನಿಂದ ಹೊಟ್ಟೆಗೆ ಬಿಗಿದುಕೊಂಡೇ ಮುದ್ದೆ ಕಟ್ಟುತ್ತಿದ್ದರು. ‘ಸ್ಕ್ಯಾನ್ ನಾರ್ಮಲ್, ಸುಮ್ನೆ ಟೆನ್ಷನ್ ಬೇಡ’ ಅಂದಿದ್ದರು ಡಾಕ್ಟರು. ಆದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆಯುವ ಕಾಯಿಲೆ) ಎಷ್ಟೋ ಸಲ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. 6 ತಿಂಗಳು ಬಿಡದ ನೋವು ಸುಳ್ಳಲ್ಲ.

ಮುಟ್ಟಿನ ಜೊತೆ ನೋವು ಏರುತ್ತಿದ್ದರೆ ಮೊದಲು ಹಾರ್ಮೋನ್ ಮಾತ್ರೆ. ಕೊಯ್ಯುವ ಗೊಡವೆ ಇಲ್ಲ. ಆದರೆ ನಿಲ್ಲಿಸಿದರೆ ನೋವು ಮರಳಬಹುದು. ಈಗಲೇ ಮಗು ಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ. ಬಿಪಿ, ಮೈಗ್ರೇನ್ ಇದ್ದರೆ ಮೊದಲೇ ಹೇಳಿ.

ಲ್ಯಾಪರೋಸ್ಕೋಪಿಯಲ್ಲಿ ಸಣ್ಣ ತೂತಿನಿಂದ ಒಳಗೆ ನೋಡಿ, ಸಿಕ್ಕಿದ್ದನ್ನು ಅಲ್ಲೇ ತೆಗೆಯಬಹುದು. ಅರಿವಳಿಕೆ ಬೇಕು, ಖರ್ಚೂ ಜಾಸ್ತಿ. ಕೆಲವರಿಗೆ ಒಳಗೆ ಏನೂ ಸಿಗುವುದಿಲ್ಲ.

ಯಾರೂ ಹೇಳದೆ ಬಿಡುವುದು ಫಿಸಿಯೋಥೆರಪಿ. ವರ್ಷಗಟ್ಟಲೆ ನೋವು ತಿಂದ ಮೈ ಕೆಳಹೊಟ್ಟೆಯ ತಳಭಾಗದ ಸ್ನಾಯುವನ್ನು ಬಿಗಿಹಿಡಿದು ಕೂತಿರುತ್ತದೆ, ಆ ಬಿಗಿತವೇ ಮತ್ತೆ ನೋವು ಕೊಡುತ್ತದೆ. ಕೂತಾಗ, ಗಂಡ-ಹೆಂಡತಿ ಕೂಡುವಾಗ ನೋವಿದ್ದರೆ ನಾನು ಇದನ್ನೇ ಮೊದಲು ಕೇಳಿ ಅನ್ನುತ್ತೇನೆ. ಇಲ್ಲಿ ಬಿಗಿಯುವ ವ್ಯಾಯಾಮವಲ್ಲ, ಸಡಿಲಿಸುವುದು ಕಲಿಯಬೇಕು. ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು ಬಿಡುವುದರಿಂದ ಶುರು. ವಾರಗಳೇ ಬೇಕು, ಆದರೆ ಮಾತ್ರೆಯ ಜೊತೆಗೂ ಮಾಡಬಹುದು, ಅಲ್ವಾ?

ಮೈಸೂರಿನ ಚೆಲುವಾಂಬ, ಮಂಡ್ಯದ ಮಿಮ್ಸ್ ಎರಡೂ ಸರ್ಕಾರಿ ಆಸ್ಪತ್ರೆಗಳು, ಸ್ತ್ರೀರೋಗ ವಿಭಾಗವಿದೆ. ಹೋಗುವಾಗ ಎರಡು ತಿಂಗಳ ನೋವಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿ. ಜ್ವರ, ವಯಸ್ಸಾಗಿ ಮುಟ್ಟು ಪೂರ್ತಿ ನಿಂತುಹೋದ ಮೇಲೆ ರಕ್ತ, ಬಸುರಿರುವಾಗ ದಿಢೀರ್ ನೋವು ಬಂದರೆ ಕಾಯಬೇಡಿ, ಅಂದೇ ಹೊರಡಿ.