ಫೋನಿಗೆ ಆರ್‌ಪಿಎನ್ ಕ್ಯಾಲ್ಕ್ಯುಲೇಟರ್ ಹಾಕಿಕೊಳ್ಳುವ ಮುಂಚೆ ಇದನ್ನು ಓದಿ

ಹೋದ ತಿಂಗಳು ನಮ್ಮ ಸೈಟಿನಲ್ಲಿ ಮೋಲ್ಡ್ ಹಾಕುವ ದಿನ ಮೂರು ಕ್ಯೂಬಿಕ್ ಮೀಟರ್ ಕಾಂಕ್ರೀಟ್ ಕಡಿಮೆ ಬಿತ್ತು. ಲೆಕ್ಕ ನನ್ನದೇ. ಆದರೆ ತಪ್ಪಿದ್ದು ಫೋನಿನ ಆ್ಯಪ್.

ಎಚ್‌ಪಿ ಕ್ಯಾಲ್ಕ್ಯುಲೇಟರ್ ಬಳಸಿದವರಿಗೆ ಆರ್‌ಪಿಎನ್ (ರಿವರ್ಸ್ ಪೋಲಿಷ್ ನೋಟೇಶನ್) ರೂಢಿ ಬಿಡುವುದಿಲ್ಲ. ಮೊದಲು ಅಂಕಿ, ಆಮೇಲೆ ಕೂಡು-ಕಳೆ. ಬ್ರ್ಯಾಕೆಟ್ ಬೇಡ, ಒಂದು ಲೆಕ್ಕದ ಉತ್ತರ ಸ್ಟ್ಯಾಕ್‌ನಲ್ಲಿ, ಅಂದರೆ ಅಂಕಿಗಳನ್ನು ಒಂದರ ಮೇಲೊಂದು ಇಟ್ಟುಕೊಳ್ಳುವ ಜಾಗದಲ್ಲಿ, ಕಾಯುತ್ತಿರುತ್ತದೆ, ಇನ್ನೊಂದು ಮುಗಿಸಿ ಕೂಡಿಸಿದರಾಯಿತು. ನನ್ನ ಹಳೇದು ಕೆಟ್ಟಿತ್ತು ಅಂತ ಕಣ್ಣಿಗೆ ಬಿದ್ದ ಒಂದು ಪುಕ್ಕಟೆ ಆ್ಯಪ್ ಹಾಕಿಕೊಂಡೆ.

ಬೀಮುಗಳಿಗೆ 0.23 × 0.3 × 42, ಅಂದರೆ 2.898. ಅದನ್ನು ಸ್ಟ್ಯಾಕ್‌ನಲ್ಲಿ ಬಿಟ್ಟು ಸ್ಲ್ಯಾಬ್ ಲೆಕ್ಕ ಹಾಕಿದೆ, 12 × 9 × 0.125, 13.5 ಬಂತು. ಅಷ್ಟರಲ್ಲಿ ರೆಡಿಮಿಕ್ಸ್ ಪ್ಲಾಂಟಿನಿಂದ ಫೋನು, "ಎಷ್ಟು ಬೇಕು ಸಾರ್, ಬೇಗ ಹೇಳಿ" ಅಂತ. ವಾಪಸ್ ಬಂದಾಗ 13.5 ಹಾಗೇ ಇತ್ತು. ಕೂಡು ಒತ್ತಿ, ವೇಸ್ಟೇಜ್‌ಗೆ ಅಂತ 1.03ರಿಂದ ಗುಣಿಸಿ, 13.9 ನೋಡಿ 14 ಹೇಳಿಬಿಟ್ಟೆ. ಬೇಕಾಗಿದ್ದು 16.89.

ಮಾರನೇ ದಿನ ಅದೇ ರೀತಿ ಮಾಡಿ ನೋಡಿದೆ. ಬೇರೆ ಆ್ಯಪ್‌ಗೆ ಹೋಗಿ ಬಂದರೆ ಪರದೆಯ ಅಂಕಿಯೊಂದೇ ಉಳಿಯುತ್ತದೆ, ಅದರ ಹಿಂದಿದ್ದದ್ದೆಲ್ಲ ಸೊನ್ನೆ. ಹಳೇ ಎಚ್‌ಪಿ ರೀತಿಯ ನಾಲ್ಕು ಮಟ್ಟದ ಸ್ಟ್ಯಾಕ್‌ನಲ್ಲಿ ಖಾಲಿ ಜಾಗ ಅಂದರೆ ಸೊನ್ನೆಯೇ, ಹಾಗಾಗಿ ಎರರ್ ಕೂಡ ಬರಲಿಲ್ಲ. ಎರಡನೇ ಗಾಡಿ ಬರುವಷ್ಟರಲ್ಲಿ ಬಿಸಿಲಿಗೆ ಮೊದಲಿನ ಕಾಂಕ್ರೀಟ್ ಬಿಗಿದು, ಸ್ಲ್ಯಾಬ್ ಮಧ್ಯೆ ಕೋಲ್ಡ್ ಜಾಯಿಂಟ್ (ಹಳೇ-ಹೊಸ ಕಾಂಕ್ರೀಟ್ ಸರಿಯಾಗಿ ಬೆಸೆಯದ ಗೆರೆ) ಆಗಿದೆ. ಮಳೆಗಾಲದಲ್ಲಿ ನೀರು ಇಳಿಯುತ್ತಾ ಅಂತ ಮನೆಯವರು ಕೇಳುತ್ತಿದ್ದಾರೆ, ಏನು ಹೇಳಲಿ?

ದಯವಿಟ್ಟು ಮೊದಲು ಇಷ್ಟು ಮಾಡಿ. 1, 2, 3, 4 ಸ್ಟ್ಯಾಕ್‌ಗೆ ಹಾಕಿ, ಆ್ಯಪ್ ಪೂರ್ತಿ ಮುಚ್ಚಿ ತೆಗೆದು, ರೋಲ್ ಡೌನ್ (ಸ್ಟ್ಯಾಕ್‌ನ ಅಂಕಿಗಳನ್ನು ಒಂದೊಂದಾಗಿ ಪರದೆಗೆ ತರುವ ಕೀ) ಒತ್ತುತ್ತಾ ನಾಲ್ಕೂ ಇದೆಯಾ ನೋಡಿ. ಆಮೇಲೆ ಸ್ಟ್ಯಾಕ್ ಖಾಲಿ ಮಾಡಿ 5, ಎಂಟರ್, ಗುಣಿಸು. 25 ಬಂದರೆ ಹಳೇ ರೀತಿ. ಎರರ್ ಬಂದರೆ ಅದು ಎಂಟರ್ ಒತ್ತಿದಾಗ ಅಂಕಿಯ ನಕಲು ಇಡದ ಎಚ್‌ಪಿ 48 ಥರದ್ದು, ತಪ್ಪೇನಲ್ಲ, ಆದರೆ ಕೈ ರೂಢಿ ಬದಲಾಯಿಸಬೇಕು. ಒಂದೇ ಸಾಲು ತೋರಿಸುವ ಆ್ಯಪ್ ಮಾತ್ರ ಬೇಡವೇ ಬೇಡ. ಹಿಂದಿನ ಸಾಲು ಕಾಣುತ್ತಿದ್ದರೆ ಆ ಸೊನ್ನೆ ಅವತ್ತೇ ನನ್ನ ಕಣ್ಣಿಗೆ ಬೀಳುತ್ತಿತ್ತು, ಅಲ್ವಾ?

ಈಗ ಫ್ರೀ42 ಅನ್ನೋ ಆ್ಯಪ್ ಬಳಸುತ್ತಿದ್ದೇನೆ. 1988ರ ಎಚ್‌ಪಿ 42ಎಸ್ ಥರವೇ ಎರಡು ಸಾಲು ಕಾಣುತ್ತದೆ. ದುಡ್ಡು ಕೊಡಬೇಕಿಲ್ಲ, ಮುಚ್ಚಿ ತೆಗೆದರೂ ಸ್ಟ್ಯಾಕ್ ಹಾಗೇ ಇರುತ್ತದೆ.