ವಿಕೆಟ್ ಸ್ಪೈಕಾ, ಫಿಟ್ಸ್ ಸ್ಪೈಕಾ?

ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ರಿಪೋರ್ಟಿನಲ್ಲಿ ‘ಸ್ಪೈಕ್’, ಅಂದರೆ ಚೂಪಾದ ಅಲೆ, ಅಂತ ಇದ್ದ ಮಾತ್ರಕ್ಕೆ ಫಿಟ್ಸ್ ಕಾಯಿಲೆ ಇದೆ ಅಂತಲ್ಲ. ಜಾಸ್ತಿ ಗೊಂದಲ ಮಾಡುವ ನಿರುಪದ್ರವಿ ಅಲೆಗಳಲ್ಲಿ ವಿಕೆಟ್ ಸ್ಪೈಕ್ ಒಂದು.

ಇದು ಹೆಚ್ಚಾಗಿ 30 ದಾಟಿದವರಲ್ಲಿ, ತೂಕಡಿಸುವಾಗ, ಕಿವಿಯ ಆಸುಪಾಸಿನ ಟೆಂಪೊರಲ್ ಭಾಗದಲ್ಲಿ ಕಾಣುತ್ತದೆ. ಸೆಕೆಂಡಿಗೆ 6ರಿಂದ 11 ಅಲೆ, ಕಮಾನುಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಸಾಲಾಗಿ ಬಂದರೆ ಗುರುತಿಸುವುದು ಸುಲಭ. ಒಂಟಿಯಾಗಿ ಬಂದಾಗಲೇ ಎಡವಟ್ಟು. ಆಗ ಅದರ ಬೆನ್ನಿಗೆ ಏನು ಬರುತ್ತದೆ ಅಂತ ನೋಡಬೇಕು. ವಿಕೆಟ್ ಸ್ಪೈಕ್ ಆದರೆ ಹಿನ್ನೆಲೆಯ ಅಲೆಗಳು ಏನೂ ಆಗದ ಹಾಗೆ ಮುಂದುವರಿಯುತ್ತವೆ. ಫಿಟ್ಸ್ ಸ್ಪೈಕ್ ಚೂಪಾಗಿ ಎದ್ದು, ಸಾಮಾನ್ಯವಾಗಿ ಹಿಂದೆಯೇ ಒಂದು ಅಗಲವಾದ ನಿಧಾನದ ಅಲೆಯನ್ನು ಎಳೆದು ತರುತ್ತದೆ. ಹಿನ್ನೆಲೆಯನ್ನೂ ಕದಡುತ್ತದೆ.

ಹದಿಹರೆಯದವರಲ್ಲಿ ಕಾಣುವ 14 ಮತ್ತು 6 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಅಲೆ) ಸ್ಪೈಕ್‌ಗಳೂ ನಿರುಪದ್ರವಿಯೇ.

ಸರಿ, ಅನುಮಾನ ಬಂದರೆ ಏನು ಮಾಡೋದು? ನನ್ನ ಪ್ರಕಾರ ಮೊದಲು ಹಳೇ ಇಇಜಿಯನ್ನೇ ಫಿಟ್ಸ್ ವಿಷಯದಲ್ಲಿ ನುರಿತ ನರರೋಗ ತಜ್ಞರಿಗೆ ತೋರಿಸಿ. ಬರೀ ರಿಪೋರ್ಟ್ ಹಾಳೆ ಸಾಲದು, ರೆಕಾರ್ಡಿಂಗ್ ಕೇಳಿ ಪಡೆಯಿರಿ. ವಾರಕ್ಕೆ ನಾಲ್ಕಾರು ಸಲ ಎಚ್ಚರ ತಪ್ಪುತ್ತಿದ್ದರೆ ವಿಡಿಯೊ ಇಇಜಿಗೆ (ವಿಡಿಯೊ ತೆಗೆಯುತ್ತಲೇ ಮಾಡುವ ಇಇಜಿ) ಖರ್ಚು ಮಾಡಬಹುದು, ಆ ಗಳಿಗೆಯೇ ಸಿಗಬಹುದು. ವರ್ಷಕ್ಕೊಮ್ಮೆ ಆಗುವವರಿಗೆ ಅದು ಸಿಗುವುದು ಕಷ್ಟ. ಅಂಥವರಿಗೆ ಘಟನೆ ಕಂಡವರು ಹೇಳುವ ವಿವರ, ಸಿಕ್ಕರೆ ಮೊಬೈಲ್ ವಿಡಿಯೊ, ಜಾಸ್ತಿ ಉಪಯೋಗ. ಆದರೆ ಫಿಟ್ಸ್ ಮಾತ್ರೆ ಈಗಾಗಲೇ ಶುರುವಾಗಿದ್ದರೆ, ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಬೇಡಿ.